ಹೊಳಬಸಪ್ಪನವರ ಚಾವಿಯಿಲ್ಲದ ಕೀಲಿ

ಪುಣೆಯ ಬಿಬವೇವಾಡಿಯ ಒಂದು ಹೌಸಿಂಗ್ ಸೊಸೈಟಿಯ ಎರಡನೇ ಮಹಡಿಯಲ್ಲಿ ಹೊಳಬಸಪ್ಪನವರಿಗೆ ಸ್ವಂತ ಫ್ಲ್ಯಾಟ್ ಇತ್ತು. ಖರೀದಿಪತ್ರ ಅವರ ಹೆಸರಿನಲ್ಲಿತ್ತು. ಲೈಟ್ ಬಿಲ್ಲು, ಮಹಾನಗರಪಾಲಿಕೆಯ ತೆರಿಗೆ ಅವರ ಹೆಸರಿಗೇ ಬರುತ್ತಿದ್ದವು. ಬಾಗಿಲ ಮೇಲಿನ ಹಿತ್ತಾಳೆಯ ಫಲಕದಲ್ಲೂ ಅವರದೇ ಹೆಸರು. ಅವರ ಬಳಿ ಇಲ್ಲದಿದ್ದದ್ದು ಒಂದೇ: ಆ ಬಾಗಿಲಿನ ಚಾವಿ.

ಚಾವಿಯನ್ನು ಅವರಿಂದ ಹಿಂಪಡೆಯಲಾಗಿತ್ತು. ಹಿಂಪಡೆದವರು ಅವರ ಹೆಂಡತಿ ಶಿವಗಂಗವ್ವ. ಈ ಕ್ರಮವನ್ನು ಅನ್ಯಾಯವೆನ್ನಲು ಸಂಗತಿಗಳು ಬಿಡುವುದಿಲ್ಲ. ಹೊಳಬಸಪ್ಪನವರು ಮಾರ್ಕೆಟ್ ಯಾರ್ಡಿನ ಧಾನ್ಯ ಮಾರಿಸುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಜೋಳದ ಮಾಲು ನೋಡಲು ಚೀಲದೊಳಗೆ ಕೈಹಾಕಿದಾಗ ಒಂದು ಚಾವಿ ಒಳಗೇ ಉಳಿಯಿತು. ಚೀಲ ಲಾರಿ ಹತ್ತಿ ರತ್ನಾಗಿರಿಗೆ ಹೋಯಿತು. ಇನ್ನೊಂದು ಸ್ವಾರಗೇಟಿನ ಬಸ್ಸಿನಲ್ಲಿ ಉಳಿದು, ಅವರಿಗಿಂತ ಹೆಚ್ಚು ಪುಣೆಯನ್ನು ಸುತ್ತಿತು. ಕೊನೆಯದನ್ನು ಮಾತ್ರ ಅವರು ಅತ್ಯಂತ ಜೋಪಾನವಾಗಿ ಟೀವಿಯ ಮೇಲಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದಿದ್ದರು. ಅಂದಿನಿಂದ ಮನೆಯ ಏಕೈಕ ಚಾವಿ ಶಿವಗಂಗವ್ವನ ಟೊಂಕದಲ್ಲಿತ್ತು. ಆಕೆ ಮನೆಯಲ್ಲಿದ್ದರೆ ಹೊಳಬಸಪ್ಪನವರು ಬೆಲ್ ಒತ್ತಿ ಒಳಗೆ ಹೋಗುತ್ತಿದ್ದರು. ಆಕೆ ಅಕ್ಕನ ಬಳಗದ ಸಭೆಗೆ ಹೋಗಿದ್ದರೆ ಎದುರುಮನೆಯ ಭಾಮಾ ವಹಿನಿಯ ಸೋಫಾದ ಮೇಲೆ ಕೂತು ಮರಾಠಿ ಧಾರಾವಾಹಿ ನೋಡುತ್ತಿದ್ದರು. ಆ ಧಾರಾವಾಹಿಗಳ ಸೊಸೆಯಂದಿರೆಲ್ಲ ಅವರಿಗೆ ಹೆಸರು ಹಿಡಿದು ಗೊತ್ತಿದ್ದರು.

ಇದು ಹೀಗೆಯೇ ನಡೆದುಕೊಂಡು ಹೋಗುತ್ತಿತ್ತು, ನಿಗಡಿಯಿಂದ ಕಾಡಪ್ಪ ಬಾರದೇ ಹೋಗಿದ್ದರೆ.

ಕಾಡಪ್ಪ ಹೊಳಬಸಪ್ಪನವರ ಊರ ಕಡೆಯವರು. ಪುಣೆಯ ಇನ್ನೊಂದು ತುದಿಯ ನಿಗಡಿಯಲ್ಲಿ ಹೊಸ ಮನೆ ಕಟ್ಟಿಸಿ, ಪ್ರವೇಶಕ್ಕೆ ಕರೆಯಲು ಮಾರ್ಕೆಟ್ ಯಾರ್ಡಿಗೆ ಬಂದಿದ್ದರು. “ಮನಿಗೆ ಬರ್ರಿ, ಚಹಾ ಕುಡಿಯೂಣು” ಎಂದು ಹೊಳಬಸಪ್ಪನವರೇ ಜೊತೆಗೆ ಕರೆತಂದರು. ಶಿವಗಂಗವ್ವ ಸಭೆಗೆ ಹೋಗಿದ್ದಳು, ಬಾಗಿಲಿಗೆ ಕೀಲಿ ಬಿದ್ದಿತ್ತು. ಎದುರು ಬಾಗಿಲಿನಿಂದ ಭಾಮಾ ವಹಿನಿ ಇಣುಕಿದರು. ಅವರದು ಮರಾಠಿ ಮನೆ. ಆದರೆ ತವರು ಅಕ್ಕಲಕೋಟೆಯಾದ್ದರಿಂದ ಕನ್ನಡವನ್ನು ಸರಾಗವಾಗಿ ಆಡುತ್ತಿದ್ದರು.

“ಬರ್ರಿ ಭಾವೋಜಿ, ಬಂದು ಕೂಡ್ರಿ.”

ಹೊಳಬಸಪ್ಪನವರು ಏನನ್ನೂ ವಿವರಿಸುವ ಮೊದಲೇ ಕಾಡಪ್ಪ ಒಳಗೆ ಹೋಗಿ, ಸೋಫಾದಲ್ಲಿ ಕೂತು, ಸುತ್ತ ಕಣ್ಣಾಡಿಸಿ, “ಭಾರಿ ಮನಿ ಮಾಡೀರಿ ನೋಡ್ರಿ ಹೊಳಬಸಪ್ಪಾರ” ಎಂದರು.

ತಿದ್ದಲು ಅದು ಸರಿಯಾದ ಸಮಯವಾಗಿತ್ತು. ಆದರೆ ಸ್ವಂತ ಮನೆಯ ಚಾವಿ ತನ್ನ ಬಳಿ ಇಲ್ಲವೆಂದು ಹೊಸ ಮನೆ ಕಟ್ಟಿದವನ ಮುಂದೆ ಹೇಳುವುದು ಹೇಗೆ? ಹೊಳಬಸಪ್ಪನವರು ಕೈಮುಗಿದು, “ಎಲ್ಲಾ ಬಸವಣ್ಣನ ದಯಾ” ಎಂದುಬಿಟ್ಟರು.

ಕಾಡಪ್ಪ ಶೋಕೇಸು ಹೊಗಳಿದರು, ಪರದೆ ಹೊಗಳಿದರು. ಚಹಾ ತಂದ ಭಾಮಾ ವಹಿನಿಗೆ “ಅಕ್ಕಾರ, ಮನೀನ ನೀವು ಭಾಳ ಚಂದ ಇಟ್ಟೀರಿ” ಎಂದು ಎದ್ದು ನಮಸ್ಕಾರ ಮಾಡಿದರು. ಅಷ್ಟರಲ್ಲಿ ಒಳಗಿನಿಂದ ಭಾಮಾ ವಹಿನಿಯ ಯಜಮಾನರು ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು, ತಲೆ ಒರೆಸಿಕೊಳ್ಳುತ್ತ ಬಂದರು.

ಕಾಡಪ್ಪ ಚಹಾದ ಬಸಿ ಕೆಳಗಿಟ್ಟರು. ಮೆಲ್ಲಗೆ ಕೇಳಿದರು: “ಇವರು ಯಾರ್ರಿ?”

“ಇವರೂ ಇಲ್ಲೇ ಇರ್ತಾರ” ಎಂದರು ಹೊಳಬಸಪ್ಪನವರು.

ಉತ್ತರ ಅಕ್ಷರಶಃ ನಿಜವಾಗಿತ್ತು. ಕಾಡಪ್ಪ ಚಹಾ ಅರ್ಧಕ್ಕೇ ಬಿಟ್ಟು ನಿಗಡಿಗೆ ಹೊರಟುಹೋದರು. ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಅವರ ಚೀಲದಲ್ಲೇ ಉಳಿಯಿತು.

ಮರುದಿನ ಮುಂಜಾನೆ ಹೊಳಬಸಪ್ಪನವರು ಮೂರನೇ ಮಹಡಿಯ ಅಭಿಲಾಷನ ಮನೆಗೆ ಹೋದರು. ಮಂಡ್ಯದ ಕಡೆಯ ಈ ತರುಣ ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಅವನ ಬಾಗಿಲು ಬೆರಳು ಮುಟ್ಟಿದರೆ ತೆರೆಯುತ್ತದೆಂಬುದು ಸೊಸೈಟಿಗೆಲ್ಲ ಗೊತ್ತಿತ್ತು.

“ನಿಮ್ಮ ರಿಕ್ವೈರ್‌ಮೆಂಟ್ ಏನು ಹೇಳಿ ಅಂಕಲ್. ಬ್ಲೂಟೂತ್ ಬೇಕಾ, ವೈಫೈ ಬೇಕಾ?”

“ನನಗ ಒಳಗ ಹೋಗೂದು ಬೇಕೋ ತಮ್ಮಾ.”

“ಅದು ಎಲ್ಲದ್ರಲ್ಲೂ ಆಗುತ್ತೆ. ವೈಫೈ ಇದ್ರೆ ನೀವು ಆಫೀಸಲ್ಲಿ ಕೂತ್ಕೊಂಡೇ ಮನೆ ಡೋರ್ ಓಪನ್ ಮಾಡ್ಬೋದು.”

“ಅಲ್ಲಿ ಕುಂತು ಬಾಗಲಾ ತಗದ್ರ, ಇಲ್ಲಿ ಒಳಗ ಹೋಗಾಂವ ಯಾರು?”

ಅಭಿಲಾಷ ವೈಫೈ ಬಿಟ್ಟು, ಬಾಗಿಲು ತೆರೆಯುವ ಬೇರೆ ದಾರಿಗಳನ್ನು ಬೆರಳು ಮಡಚಿ ಎಣಿಸತೊಡಗಿದ.

ಇಲ್ಲಿಂದ ಮುಂದೆ ಹೊಳಬಸಪ್ಪನವರು ನಡೆಸಿದ ಪರಿಶೀಲನೆಯನ್ನು ಮೆಚ್ಚದೆ ಇರುವುದು ಕಷ್ಟ. ಕಳೆದುಕೊಳ್ಳುವಾಗ ಈ ಮನುಷ್ಯ ಏನನ್ನೂ ನೋಡುವುದಿಲ್ಲ. ಆರಿಸುವಾಗ ಯಾವುದನ್ನೂ ಬಿಡುವುದಿಲ್ಲ. ಸ್ಮಾರ್ಟ್ ಕೀಲಿಯನ್ನು ಕಾರ್ಡಿನಿಂದ, ಫೋನಿನಿಂದ, ಅಂಕೆಗಳಿಂದ, ಬೆರಳಿನಿಂದ ತೆರೆಯಬಹುದೆಂದು ಅಭಿಲಾಷ ತಿಳಿಸಿದ್ದ. ಕಾರ್ಡು ಕಳೆಯುವ ವಸ್ತು, ತಳ್ಳಿಹಾಕಿದರು. ಫೋನನ್ನು ಅವರು ವಾರಕ್ಕೊಮ್ಮೆಯಾದರೂ ತಕ್ಕಡಿಯ ಮೇಲೆ ಬಿಟ್ಟು ಬರುತ್ತಿದ್ದರು, ಅದನ್ನೂ ತಳ್ಳಿಹಾಕಿದರು. ಬೆರಳನ್ನು ಅವರು ಈವರೆಗೆ ಎಲ್ಲಿಯೂ ಮರೆತು ಬಂದಿರಲಿಲ್ಲ. ಬೆರಳೇ ಸರಿಯೆಂದು ನಿರ್ಧಾರವಾಯಿತು.

ಬಾಗಿಲಿನ ದಪ್ಪ ಅಳೆದರು. ಬಾಗಿಲು ಎಡಕ್ಕೆ ತೆರೆಯುತ್ತದೋ ಬಲಕ್ಕೋ ಎಂದು ಒಳಗೂ ಹೊರಗೂ ನಿಂತು ನೋಡಿ, ಎರಡು ಬೇರೆ ಬೇರೆ ಉತ್ತರ ಬಂದಾಗ ಅಭಿಲಾಷನನ್ನು ಕರೆದು ಇತ್ಯರ್ಥ ಮಾಡಿಕೊಂಡರು. ಅಂಗಡಿಗಳಲ್ಲಿ ಕೀಲಿಯನ್ನು ಜೋಳದಂತೆ ಅಂಗೈಯಲ್ಲಿ ತೂಗಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. “ಸೆಲ್ ಸತ್ರ ಏನ್ಮಾಡೂದು?” ಎಂಬುದು ಅವರ ಮೊದಲ ಪ್ರಶ್ನೆ. ಬಿಬವೇವಾಡಿಯ ದೊಡ್ಡ ಹಾರ್ಡ್‌ವೇರ್ ಅಂಗಡಿಯ ಮಾಲೀಕ ಈ ಪ್ರಶ್ನೆಗೆ ಕಾದಿದ್ದವನಂತೆ ನಕ್ಕು, ಪೆಟ್ಟಿಗೆಯೊಳಗಿನಿಂದ ಹೊಳೆಯುವ ಎರಡು ಚಾವಿಗಳನ್ನು ತೆಗೆದು ಮೇಜಿನ ಮೇಲಿಟ್ಟ.

“ಎಮರ್ಜನ್ಸಿಗೆ ಇವು ಇರ್ತಾವೆ ಸಾಹೇಬರೇ. ಬಿಲ್ಕುಲ್ ಚಿಂತೆ ಇಲ್ಲ” ಎಂದ ಮರಾಠಿಯಲ್ಲಿ.

ಹೊಳಬಸಪ್ಪನವರು ಎದ್ದು ನಿಂತರು. “ಚಾವಿ ಇಲ್ಲದ ಕೀಲಿ ಅಂದಿರಿ.”

“ಹೌದು. ಇದು ಅದರ ಚಾವಿ.”

“ಈ ಚಾವಿ ಕೊನೀಗೆ ಯಾರ ಕೈಗೆ ಹೋಗ್ತದ?”

“ಮನೆಯಲ್ಲಿ ಬಾಯಿ ಸಾಹೇಬರ ಕೈಗೆ ಕೊಟ್ಟಿಡಿ. ಭದ್ರವಾಗಿರುತ್ತೆ.”

“ಅದ ಬ್ಯಾಡ. ನನ್ನ ಹೆಂಡತಿ ಕೈಗೆ ಸಿಗೂ ಅಂಥಾ ಚಾವಿನ ಇರಬಾರದು. ಅಂಥಾ ಕೀಲಿ ಇದ್ರ ತೋರಸ್ರಿ.” ಇದನ್ನು ಅವರು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು.

ಅವರ ತರ್ಕ ಸ್ಪಷ್ಟವಾಗಿತ್ತು. ಚಾವಿ ಇದ್ದರೆ ಅದನ್ನು ಕಾಯುವವರೊಬ್ಬರು ಇರುತ್ತಾರೆ. ಕಾಯುವವರು ಇದ್ದರೆ ಹೊಳಬಸಪ್ಪನವರು ಹೊರಗಿರುತ್ತಾರೆ. ಆದರೆ ಅಂಗಡಿಯಲ್ಲಿದ್ದವರಿಗೆ ಕೇಳಿಸಿದ್ದು ತರ್ಕವಲ್ಲ, ವಾಕ್ಯ. ಮಾಲೀಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುಂದಿನ ವಾರ ನಲ್ಲಿ ಕೊಳ್ಳಲು ಬಂದ ಭಾಮಾ ವಹಿನಿಗೆ, “ನಿಮ್ಮ ಸೊಸೈಟಿಯ ಆ ಕಾನಡಿ ಕಾಕಾ ಹೆಂಡತಿಯನ್ನು ಹೊರಗೆ ಹಾಕುವ ವಿಚಾರದಲ್ಲಿದ್ದಾರೆಯೇ?” ಎಂದು ಕೇಳಿದ.

ಕೊನೆಗೆ ಹೊಳಬಸಪ್ಪನವರಿಗೆ ಬೇಕಾದದ್ದು ಸಿಕ್ಕಿತು. ಚಾವಿಯ ತೂತೇ ಇಲ್ಲದ ಕರಿ ಕೀಲಿ. ಸೆಲ್ ಸತ್ತರೆ ಹೊರಗಿನಿಂದ ಚೌಕಾಕಾರದ ಬ್ಯಾಟರಿಯೊಂದನ್ನು ಕೀಲಿಯ ತಳಕ್ಕೆ ಮುಟ್ಟಿಸಿದರೆ ಅದಕ್ಕೆ ಮತ್ತೆ ಜೀವ ಬರುತ್ತಿತ್ತು. ಅದರ ಮೈಯೆಲ್ಲ ತಡವಿ ನೋಡಿ, ಎಲ್ಲಿಯೂ ತೂತಿಲ್ಲವೆಂದು ಖಾತ್ರಿಯಾದ ಮೇಲೆ, “ಇದನ್ನ ಹಚ್ರಿ” ಎಂದರು.

ಹಚ್ಚುವ ದಿನವನ್ನೂ ಅವರೇ ಆರಿಸಿದರು. ಶಿವಗಂಗವ್ವ ಚಾವಿಯನ್ನು ಭಾಮಾ ವಹಿನಿಯ ವಶಕ್ಕೆ ಕೊಟ್ಟು, ಪುಣೆಯ ಸಮೀಪದ ಶಿರೂರಿನಲ್ಲಿರುವ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು, ಮರುದಿನ ಬರುವವಳಿದ್ದಳು. ಗಂಡ ಕೆಲಸವಿದೆಯೆಂದು ಹೇಳಿ, ಭಾಮಾ ವಹಿನಿಯ ಮನೆಯಲ್ಲಿ ಊಟ ಗೊತ್ತುಮಾಡಿಕೊಂಡು ಉಳಿದಿದ್ದರು. ಬಂದಾಗ ಹೆಂಡತಿಯನ್ನು ಬೆರಗುಗೊಳಿಸಬೇಕೆಂಬುದು ಅವರ ಆಸೆ. ಹಾಗಾಗಿ ಆಕೆಗೆ ಒಂದು ಮಾತೂ ಹೇಳಿರಲಿಲ್ಲ.

ಕೀಲಿ ಕೂಡಿಸಲು ಬಂದವಳು ಮಾಧುರಿ. ಸೊಲ್ಲಾಪುರದ ಹೆಣ್ಣುಮಗಳು, ಡ್ರಿಲ್ ಹಿಡಿದರೆ ಗೋಡೆಯೂ ಸುಮ್ಮನೆ ನಿಲ್ಲುವಂಥ ಕೈ. ಅವಳು ಬಂದಾಗ ಹೊಳಬಸಪ್ಪನವರು ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ, ಬಲಗೈಯ ಮೂರು ಬೆರಳ ಮೇಲೆ ಅದೇ ವಿಭೂತಿ. ಕೀಲಿ ಕೂಡಿಸಿದ ಮೇಲೆ ಅದಕ್ಕೂ ಮೂರು ಪಟ್ಟೆ ಎಳೆದು, ಕುಂಕುಮವಿಟ್ಟು, ಹೊಸ್ತಿಲಲ್ಲಿ ಕಾಯಿ ಒಡೆದರು. ನಮ್ಮ ಕಡೆ ಟ್ರ್ಯಾಕ್ಟರಿಗೆ, ಮಿಕ್ಸರಿಗೆ, ಗಿರಣಿಗೆ ಆಗುವುದು ಕೀಲಿಗೂ ಆಯಿತು.

“ಈಗ ಬಟ್ಟು ಇಡ್ರಿ ಕಾಕಾ. ಮೊದಲ ಒರಸ್ಕೋರಿ.”

“ಇದು ಹೊಲಸಲ್ಲವಾ ತಂಗೀ, ವಿಭೂತಿ. ಮೊದಲನೇ ಸಲ ಮುಟ್ಟೂದು ವಿಭೂತಿ ಕೈಲೇ ಆಗ್ಲಿ.”

ಮಾಧುರಿ ಏನೋ ಹೇಳಹೊರಟಳು. ಆದರೆ ಯಂತ್ರ ಪೀಂ ಎಂದು ಒಪ್ಪಿಕೊಂಡಿತು. ವಿಭೂತಿ ಹಚ್ಚುವ ಮೂರೂ ಬೆರಳು ದಾಖಲಾದವು.

“ಇನ್ನ ಒಂದು ನಂಬರ್ ಇಡ್ರಿ. ಯಾರಿಗೂ ಗೊತ್ತಾಗದಂಥಾದ್ದು.”

ಹೊಳಬಸಪ್ಪನವರು ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸುವವರು. ಹುಟ್ಟಿದ ದಿನ ಬಿಟ್ಟರು, ಮದುವೆಯ ದಿನ ಬಿಟ್ಟರು, ಫೋನಿನ ನಂಬರು ಬಿಟ್ಟರು. ತಮ್ಮ ಬದುಕಿನ ಯಾವ ಸಂಗತಿಗೂ ಸಂಬಂಧವಿಲ್ಲದ ಆರು ಅಂಕೆಗಳನ್ನು ಒತ್ತಿದರು. ಸಂಬಂಧವಿಲ್ಲದ್ದರಿಂದ ಆ ಅಂಕೆಗಳು ಅವರ ಜೊತೆ ಹೆಚ್ಚು ಹೊತ್ತು ಉಳಿಯಲಿಲ್ಲ.

“ಮನ್ಯಾಗ ಮತ್ತ ಯಾರದರ ಬಟ್ಟು ಸೇರಸೂದದ?”

“ನಮ್ಮಾಕಿದು. ಆಕಿ ಇನ್ನೂ ಊರಾಗಿಲ್ಲ.”

“ನಾಳೆ ಬಂದು ಸೇರಸ್ತೀನಿ” ಎಂದು ಮಾಧುರಿ ಹೋದಳು.

ಹೊಳಬಸಪ್ಪನವರು ಬಾಗಿಲು ಹಾಕಿದರು, ಬೆರಳಿಟ್ಟು ತೆರೆದು ಒಳಗೆ ಹೋದರು. ಹೊರಗೆ ಬಂದು ಮತ್ತೆ ಒಳಗೆ ಹೋದರು. ಪ್ರತಿ ಸಲ ಒಳಗೆ ಹೋದಾಗಲೂ ಕೀಲಿಯೊಳಗಿನ ಹೆಣ್ಣುಧ್ವನಿ ಇಂಗ್ಲಿಷಿನಲ್ಲಿ “ವೆಲ್‌ಕಮ್” ಎಂದಿತು. ಅವರ ಮನೆಯಲ್ಲಿ ಅವರಿಗೆ ಇಂಥ ಮರ್ಯಾದೆ ಹೊಸದು. ಮನ ತಣಿದ ಮೇಲೆ ಪೇಢೆ ತರಲು ಹೊರಟರು. ಮಾರ್ಕೆಟ್ ಯಾರ್ಡಿಗೂ ಹೋಗಿ ಪೇಢೆ ಹಂಚಿ, ತಾವೂ ತಿಂದು, ನಲ್ಲಿಯಲ್ಲಿ ಕೈ ತೊಳೆದುಕೊಂಡು, ಮಧ್ಯಾಹ್ನ ಮನೆಗೆ ಬಂದು, ಕೀಲಿಯ ಮೇಲೆ ಬೆರಳಿಟ್ಟರು.

ಬಾಗಿಲು ತೆರೆಯಲಿಲ್ಲ. ಒಳಗಿನ ಹೆಣ್ಣುಧ್ವನಿ “ಪ್ಲೀಸ್ ಟ್ರೈ ಅಗೇನ್” ಎಂದಿತು.

ಎರಡನೆಯ ಬೆರಳು, ಮೂರನೆಯ ಬೆರಳು. “ಪ್ಲೀಸ್ ಟ್ರೈ ಅಗೇನ್.”

“ನಾನ ಇದೀನವಾ, ತಗೀ” ಎಂದರು ಹೊಳಬಸಪ್ಪನವರು ಕೈಮುಗಿದು, ಬಾಗಿಲಿಗೆ ಬಾಯಿಟ್ಟು. “ಮುಂಜಾನೆ ಅಷ್ಟ ಚಲೋ ಮಾತಾಡಿದಿ. ಈಗೇನಾತು ನಿನಗ?”

ಭಾಮಾ ವಹಿನಿ ತಮ್ಮ ಬಾಗಿಲಿನ ಕಿಂಡಿಯಲ್ಲಿ ಕಣ್ಣಿಟ್ಟಿದ್ದರು. ಅವರು ಚಾಡಿಕೋರರಲ್ಲ, ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳುವವರು. ಮುಂಜಾನೆ ಡ್ರಿಲ್ಲಿನ ಸದ್ದಾದ ಕೂಡಲೇ ಶಿರೂರಿಗೆ ಫೋನ್ ಮಾಡಿ, “ವಹಿನಿ, ಭಾವೋಜಿ ಹೊಸಾ ಕೀಲಿ ಹಚ್ಚಸ್ಲಿಕ್ಕತ್ತಾರ. ನಿಮ್ಮ ಕೈಗೆ ಚಾವಿ ಸಿಗಬಾರ್ದಂತ ಅಂಗಡ್ಯಾಗ ಹೇಳ್ಯಾರಂತ” ಎಂದಿದ್ದರು. ಶಿವಗಂಗವ್ವ ತೊಟ್ಟಿಲ ಕಾರ್ಯ ಅರ್ಧಕ್ಕೆ ಬಿಟ್ಟು, ಅಲ್ಲಿಗೇ ಬಂದಿದ್ದ ಅಣ್ಣ ಶಿವಪುತ್ರಪ್ಪನನ್ನು ಕರೆದುಕೊಂಡು ಹೊರಟಿದ್ದಳು. ಶಿವಪುತ್ರಪ್ಪ ಇಂಡಿ ತಾಲ್ಲೂಕಿನ ಕಡೆ ಹತ್ತೂರ ನ್ಯಾಯ ಬಗೆಹರಿಸುವ ಹಿರಿಯ. ಅವರಿಬ್ಬರೂ ವಾಘೋಲಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಭಾಮಾ ವಹಿನಿಯ ಎರಡನೆಯ ಫೋನ್ ಹೋಯಿತು.

“ವಹಿನಿ, ಸಿಟ್ಟಾಗಬ್ಯಾಡ್ರಿ. ಒಳಗ ಯಾರೋ ಹೆಣ್ಣುಮಗಳ ಧ್ವನಿ ಕೇಳಸ್ತದ. ಇಂಗ್ಲಿಷ್ ಮಾತಾಡ್ತಾಳ. ಭಾವೋಜಿ ಬಾಗಲಾ ತಗೀ ಅಂತ ಕೈ ಮುಗೀಲಿಕ್ಕತ್ತಾರ, ಆಕಿ ತಗೀವಲ್ಲಳು.”

ಶಿವಗಂಗವ್ವ ಫೋನನ್ನು ಅಣ್ಣನ ಕೈಗೆ ಕೊಟ್ಟಳು.

ಇತ್ತ ಹೊಳಬಸಪ್ಪನವರು ಮಾಧುರಿಗೆ ಫೋನ್ ಮಾಡಿದರು. “ಬಟ್ಟು ಸ್ವಚ್ಛ ತೊಳಕೊಂಡು, ಒರಸಿ, ಮತ್ತ ಇಡ್ರಿ ಕಾಕಾ. ಕೆಲಸ ಮುಗಿಸಿ ಸಂಜಿಗೆ ಬರ್ತೀನಿ” ಎಂದಳು ಅವಳು. ಭಾಮಾ ವಹಿನಿಯ ಮನೆಗೆ ಹೋಗಿ ಸಾಬೂನು ಹಚ್ಚಿ ತಿಕ್ಕಿದರು. ಭಾಂಡೆ ತಿಕ್ಕುವ ಬ್ರಶ್ಶಿನಿಂದಲೂ ತಿಕ್ಕಿದರು. ಬೆರಳು ಸ್ವಚ್ಛವಾದಷ್ಟೂ ಕೀಲಿಗೆ ಅಪರಿಚಿತವಾಯಿತು. ಅಂಕೆಗಳನ್ನು ನೆನಪಿಗೆ ಬಂದ ಹಾಗೆ ಒತ್ತಿದರು. ಕೀಲಿ ಸಿಟ್ಟಿನಿಂದ ಕೂಗಿ, ಕೆಲ ನಿಮಿಷ ಯಾರ ಮಾತನ್ನೂ ಕೇಳುವುದಿಲ್ಲವೆಂದು ಕೆಂಪು ದೀಪ ಹಚ್ಚಿಕೊಂಡು ಕೂತಿತು.

ಆ ಕೂಗಿಗೆ ಸೊಸೈಟಿಯ ಚೇರಮನ್ ಮೋಹಿತೆ ಸಾಹೇಬರು ಮೇಲೆ ಬಂದರು. ಬಾಗಿಲಿನ ರೂಪ ಬದಲಿಸಲು ಸೊಸೈಟಿಯ ಪರವಾನಿಗಿ ಬೇಕು, ಪರವಾನಿಗಿಗೆ ಅರ್ಜಿ ಬೇಕು ಎಂದರು ಮರಾಠಿಯಲ್ಲಿ.

“ಅರ್ಜಿ ಕೊಡ್ತೀನ್ರಿ ಸಾಹೇಬ್ರ. ಪೆನ್ನು ಒಳಗದ.”

ಆಗ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಮೊದಲು ತಲೆಗೆ ಬಿಳಿ ಪಟಕ ಸುತ್ತಿದ ಶಿವಪುತ್ರಪ್ಪ, ಹಿಂದೆ ಹೊಸ ಇಳಕಲ್ ಸೀರೆಯ ಶಿವಗಂಗವ್ವ. ಭಾಮಾ ವಹಿನಿ ಬಾಗಿಲು ಪೂರ್ತಿ ತೆರೆದು ನಿಂತರು.

ಹೊಳಬಸಪ್ಪನವರ ಮುಖ ಅರಳಿತು. “ಬಂದ್ಯಾ? ನಾಳೆ ಬರ್ತೀನಿ ಅಂದಿದ್ದಿ?”

“ನಾಳೆ ಬಂದ್ರ ಹೊರಗ ನಿಲ್ಲೂದಿತ್ತು ಅಂತ ಇವತ್ತ ಬಂದೆ” ಎಂದಳು ಶಿವಗಂಗವ್ವ. “ಯಾರಕಿ ಒಳಗಿನಾಕಿ?”

“ಒಳಗ ಯಾರೂ ಇಲ್ಲ.”

“ಯಾರೂ ಇಲ್ಲದ ಮನೀಗೆ ತಗೀ ತಗೀ ಅಂತ ಕೈ ಮುಗಿತೀರೇನು? ನನ್ನ ಮುಂದ ಒಂದ ದಿನಾನೂ ಹಂಗ ಮುಗದಿಲ್ಲ ನೀವು.”

ಶಿವಪುತ್ರಪ್ಪ ಕೈಯೆತ್ತಿ ತಂಗಿಯನ್ನು ತಡೆದರು. ಊರಿನ ಕಟ್ಟೆಯ ಮೇಲೆ ಕೂತಂತೆ ಮೆಟ್ಟಿಲ ಮೇಲೆ ಕೂತರು. ಮೋಹಿತೆ ಸಾಹೇಬರು ಪಕ್ಕದಲ್ಲಿ ಕೂತರು. ಅವರಿಗೆ ಕನ್ನಡ ಬಾರದಿದ್ದರೂ ನ್ಯಾಯ ನಡೆಯುತ್ತಿದೆಯೆಂದು ತಿಳಿದಿತ್ತು.

“ಹೊಳಬಸಪ್ಪಾರ, ಸೀದಾ ಹೇಳ್ರಿ. ನನ್ನ ತಂಗೀ ಕೈಗೆ ಚಾವಿ ಸಿಗಬಾರ್ದು ಅಂದೀರೋ ಇಲ್ಲೋ?”

“ಅಂದೇನ್ರಿ ಭಾವಾರ. ಆದ್ರ...”

“ಅಂದಾರ!” ಎಂದರು ಶಿವಪುತ್ರಪ್ಪ ಎಲ್ಲರ ಕಡೆ ತಿರುಗಿ.

“ಆದ್ರ, ಆಕಿ ಹೊರಗ ನಿಲ್ಲಲಿ ಅಂತಲ್ಲ. ನಾ ಒಳಗ ಹೋಗಬೇಕಂತ.” ಹೊಳಬಸಪ್ಪನವರ ದನಿ ಸಣ್ಣದಾಯಿತು. “ನನ್ನ ಮನಿಗೆ ನಾ ಬೆಲ್ ಒತ್ತದ ಹೋಗಬೇಕು ಅನಿಸ್ತು ಭಾವಾರ. ಅಷ್ಟ. ಆಕಿ ಬಟ್ಟೂ ಸೇರಸಾವ ಇದ್ದೆ. ಈಗ ನೋಡಿದ್ರ ನನ್ನ ಬಟ್ಟಿಗೂ ತಗೀವಲ್ದು.”

“ನೀವ ಹಚ್ಚಿಸಿದ ಕೀಲಿ ನಿಮಗ ತಗ್ಯಾಂಗಿಲ್ಲ. ಇದನ್ನ ನಾವು ನಂಬಬೇಕು.” ಶಿವಪುತ್ರಪ್ಪ ನಡುವಿನ ಚಂಚಿಯಿಂದ ವಿಭೂತಿಯ ಗಟ್ಟಿ ತೆಗೆದು ಅಂಗೈಯಲ್ಲಿ ಹಿಡಿದರು. “ಮುಟ್ಟಿ ಆಣಿ ಮಾಡ್ರಿ.”

ಹೊಳಬಸಪ್ಪನವರು ಕಣ್ಣುಮುಚ್ಚಿ ಮೂರು ಬೆರಳಿಂದ ವಿಭೂತಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು. “ಶಿವನಾಣಿ, ಒಳಗ ಯಾರೂ ಇಲ್ಲ. ಶಿವನಾಣಿ, ಈ ಕೀಲಿ ನನಗ ತಗ್ಯಾಂಗಿಲ್ಲ. ಬೇಕಾದ್ರ ಎಲ್ಲಾರೂ ಕಣ್ಣಾರೆ ನೋಡ್ರಿ!” ಎಂದವರೇ ತಿರುಗಿ ಬೆರಳನ್ನು ಕೀಲಿಯ ಮೇಲಿಟ್ಟರು.

ಪೀಂ. ಟಕ್. ಬಾಗಿಲು ತೆರೆಯಿತು.

“ವೆಲ್‌ಕಮ್” ಎಂದಿತು ಒಳಗಿನ ಹೆಣ್ಣುಧ್ವನಿ.

ಸುಳ್ಳು ಆಣೆಗೆ ಇಷ್ಟು ಬೇಗ, ಇಷ್ಟು ಸಾಕ್ಷಿಗಳ ಎದುರು ಫಲ ಸಿಕ್ಕ ಉದಾಹರಣೆ ಇಂಡಿ ತಾಲ್ಲೂಕಿನಲ್ಲೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆರಗಾದವರು ಹೊಳಬಸಪ್ಪನವರೇ. ತೆರೆದ ಬಾಗಿಲು ಕಂಡ ಮನುಷ್ಯ ಒಳಗೆ ಹೋಗುತ್ತಾನೆ, ಅವರೂ ಹೋದರು. ಬಾಲ್ಕನಿಯ ಗಾಳಿಗೆ ಬಾಗಿಲು ಅವರ ಹಿಂದೆ ದಪ್ಪೆಂದು ಮುಚ್ಚಿತು. ಕೀಲಿ ತಾನಾಗಿ ಬಿತ್ತು.

“ಶಿವಶಿವಾ! ವಿಭೂತಿ ಹಿಡದು ಸುಳ್ಳು ಹೇಳಿ, ನಮ್ಮ ಮುಖದ ಮ್ಯಾಲೆ ಬಾಗಲಾ ಹಾಕಿದ್ರು!” ಎಂದು ಶಿವಪುತ್ರಪ್ಪ ಎದ್ದರು. “ಆಕಿ ಸ್ವಾಗತಾ ಬ್ಯಾರೆ ಮಾಡ್ತಾಳ!” ಬೆಲ್ಲಿನ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದವರು ಬಿಡಲೇ ಇಲ್ಲ.

ಒಳಗೆ ಹೊಳಬಸಪ್ಪನವರು ಬಾಗಿಲು ತೆಗೆಯಲು ಹಿಡಿಕೆಗೆ ಕೈಹಾಕಿದರು. ಕರಿ ಹಿಡಿಕೆಯ ಮೇಲೆ ಮೂರು ಬಿಳಿ ಬೆರಳಿನ ಗುರುತು ಮೂಡಿತು. ಅವರು ಅದನ್ನು ನೋಡಿದರು, ಬೆರಳನ್ನು ನೋಡಿದರು. ಬೆಲ್ಲಿನ ಅಬ್ಬರದ ನಡುವೆ ನಿಂತು, ಮುಂಜಾನೆಯಿಂದ ನಡೆದದ್ದನ್ನೆಲ್ಲ ಒಂದೊಂದಾಗಿ ತಾಳೆ ನೋಡಿದರು. ಎಲ್ಲ ಸರಿಹೊಂದಿತು. ಬಾಗಿಲು ತೆರೆದು, “ಭಾವಾರ, ವಿಭೂತಿ ಗಟ್ಟಿ ಇತ್ತ ಕೊಡ್ರಿ” ಎಂದರು.

ಅಲ್ಲಿ ನಡೆದ ಪ್ರಯೋಗಕ್ಕೆ ನಾಲ್ವರು ಸಾಕ್ಷಿಗಳಿದ್ದಾರೆ. ಬೆರಳು ಒರೆಸಿ ಇಟ್ಟರು: ತೆರೆಯಲಿಲ್ಲ. ವಿಭೂತಿ ಮುಟ್ಟಿ ಇಟ್ಟರು: ತೆರೆಯಿತು. ಮತ್ತೆ ಒರೆಸಿದರು, ಮತ್ತೆ ಹಚ್ಚಿದರು; ಫಲ ಬದಲಾಗಲಿಲ್ಲ. ವಿಭೂತಿ ತುಂಬಿದ ಗೆರೆಗಳನ್ನೇ ಯಂತ್ರ ಹೊಳಬಸಪ್ಪನವರೆಂದು ಬರೆದುಕೊಂಡಿತ್ತು. ಮೋಹಿತೆ ಸಾಹೇಬರು ತಮ್ಮ ಬೆರಳಿಗೂ ವಿಭೂತಿ ಹಚ್ಚಿ ಇಟ್ಟು ನೋಡಿದರು. ಕೀಲಿ ಅವರನ್ನು ಒಪ್ಪಲಿಲ್ಲ. “ಭದ್ರತೆ ಉತ್ತಮ” ಎಂದು ಹೇಳಿ, ಅರ್ಜಿಯಿಲ್ಲದೆ ಪರವಾನಿಗಿ ಕೊಟ್ಟರು. ಭಾಮಾ ವಹಿನಿ ಒಳಗೆ ಹೋಗಿ, ಅಡುಗೆಮನೆ, ಬಚ್ಚಲು ಎಲ್ಲ ನೋಡಿ ಬಂದು, “ಖರೇನ ಯಾರೂ ಇಲ್ಲ ವಹಿನಿ” ಎಂದು ವರದಿ ಮಾಡಿದರು.

ಶಿವಪುತ್ರಪ್ಪ ಮಾತ್ರ ಕೀಲಿಯ ಮುಂದೆ ಕೈಕಟ್ಟಿ ನಿಂತಿದ್ದರು. “ವಿಭೂತಿ ಇಲ್ಲದ ಕೈಗೆ ಬಾಗಲಾ ತಗ್ಯಾಂಗಿಲ್ಲ! ಎಂಥಾ ಸಂಸ್ಕಾರ ನೋಡ್ರಿ ಇದಕ್ಕ. ಹೊಳಬಸಪ್ಪಾರ, ಆರಸಿದ್ರ ನಿಮ್ಮಂಗ ಆರಸಬೇಕು. ನಮ್ಮೂರ ಮಠಕ್ಕ ಇಂಥಾದ್ದೊಂದು ಕೊಡಸ್ರಿ.”

ಈಗ ಶಿವಗಂಗವ್ವ ಮುಂದೆ ಬಂದು ಕೀಲಿಯ ಮೈಮೇಲೆ ಕೈಯಾಡಿಸಿದಳು. ಮೇಲೆ, ಕೆಳಗೆ, ಪಕ್ಕಕ್ಕೆ.

“ಚಾವಿ ಎಲ್ಲಿ ಹಾಕೂದು?”

“ಎಲ್ಲೀನೂ ಇಲ್ಲ.”

“ಒಂದ ಮಾತು ಕೇಳಿದ್ರ ನನ್ನ ಚಾವೀನ ಕೊಡ್ತಿದ್ದಿಲ್ಲೇನು ನಾನು?”

“ಕೊಡ್ತಿದ್ದಿ” ಎಂದರು ಹೊಳಬಸಪ್ಪನವರು. “ನಾ ಕಳೀತಿದ್ದೆ.”

ಶಿವಗಂಗವ್ವ ಗಂಡನ ಮುಖ ನೋಡಿದಳು. ನಗು ಬಂತು, ಅಣ್ಣನೆದುರು ನಗಬಾರದೆಂದು ಸೆರಗು ಸರಿಮಾಡಿಕೊಂಡಳು. ಆಮೇಲೆ, ಒಳಗೆ ಕಾಲಿಡಹೊರಟಿದ್ದ ಅಣ್ಣನನ್ನು ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಎಲ್ಲಾರೂ ತಡೀರಿ. ಯಾರೂ ಒಳಗ ಹೋಗಬ್ಯಾಡ್ರಿ.” ಗಂಡನ ಕಡೆ ತಿರುಗಿದಳು. “ನೀವು ಒಬ್ಬರ ಹೋಗ್ರಿ. ಬಾಗಲಾ ಹಾಕ್ಕೋರಿ.”

ಹೊಳಬಸಪ್ಪನವರು ಹೋದರು. ಬಾಗಿಲು ಮುಚ್ಚಿತು. ಹೊರಗೆ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಶಿವಗಂಗವ್ವ ಸೀರೆಯ ನೆರಿಗೆ ಸರಿಪಡಿಸಿಕೊಂಡು, ಹೊಸದಾಗಿ ಆ ಮನೆಗೆ ಬಂದ ನೆಂಟಳಂತೆ, ಒಂದೇ ಸಲ ಬೆಲ್ ಒತ್ತಿದಳು.

ಒಳಗೆ ಖುರ್ಚಿ ಸರಿದ ಸದ್ದು. ಫ್ಯಾನು ಹಚ್ಚಿದ ಸದ್ದು. ಬಳಿಕ ಯಾವ ಅವಸರವೂ ಇಲ್ಲದ ಹೆಜ್ಜೆಗಳು. ಬಾಗಿಲು ತೆರೆಯಿತು.

“ಇಷ್ಟೊತ್ತು ಯಾಕ್ರಿ ಬಾಗಲಾ ತಗೀಲಿಕ್ಕೆ?” ಎಂದಳು ಶಿವಗಂಗವ್ವ.

“ಒಳಗ ಕೆಲಸಿತ್ತು” ಎಂದರು ಹೊಳಬಸಪ್ಪನವರು. ಬಾಗಿಲನ್ನು ಇನ್ನಷ್ಟು ಅಗಲ ತೆರೆದು, ಪಕ್ಕಕ್ಕೆ ಸರಿದು ನಿಂತರು. “ಬಾ, ಒಳಗ ಬಾ.”